ಸಪ್ಪನ ಸಾಯಬಮ್ಮ

ಸಾಯಬಮ್ಮ ಖಾರ ತಿನ್ನುತ್ತಿರಲಿಲ್ಲ. ಬೇರೆ ಸೀಮೆಯಲ್ಲಾದರೆ ಇದು ಹೇಳುವಂಥ ಮಾತೇ ಅಲ್ಲ. ಆದರೆ ಶಹಾಪುರದ ಸುತ್ತಿನ ಹಳ್ಳಿಗಳಲ್ಲಿ, ಹಲ್ಲು ಬಂದ ಕೂಸುಗಳೇ ಹಸಿಮೆಣಸಿನಕಾಯಿಯ ತುದಿ ಕಚ್ಚಿ ನೋಡುವ ಕಡೆ, ಮೆಣಸಿನಕಾಯಿ ಕುಟ್ಟಿದ ಕೆಂಪು ಹಿಂಡಿ ಕಾಣದ ತಾಟನ್ನು ಅವಮಾನವೆಂದೇ ಭಾವಿಸುವ ಜನರ ನಡುವೆ, ಹೊಲದಲ್ಲಿ ಗಂಡಾಳಿನ ಸಮಕ್ಕೆ ದುಡಿಯುವ ಒಬ್ಬ ಗಟ್ಟಿಮುಟ್ಟಾದ ಹೆಂಗಸು ಬೆಲ್ಲ, ಮೊಸರು, ಖಾರವಿಲ್ಲದ ಬೇಳೆ ಇಷ್ಟರಲ್ಲೇ ಜೀವಮಾನದ ರೊಟ್ಟಿಯನ್ನೆಲ್ಲ ಮುಗಿಸುತ್ತಾಳೆಂದರೆ ಅದು ಸಣ್ಣ ಸುದ್ದಿಯಲ್ಲ. ಮದುವೆಯ ಮನೆಗಳಲ್ಲಿ ಒಗ್ಗರಣೆ ಬೀಳುವ ಮುಂಚೆಯೇ ಅವಳ ಹೆಸರಿನಲ್ಲಿ ಒಂದು ಬಟ್ಟಲು ಬೇಳೆ ತೆಗೆದಿಡುತ್ತಿದ್ದರು. ಶಿರವಾಳದಿಂದ ಸುರಪುರದವರೆಗೆ ಅವಳನ್ನು ಸಪ್ಪನ ಸಾಯಬಮ್ಮ ಎಂದೇ ಕರೆಯುತ್ತಿದ್ದರು. ಅವಳೂ ಆ ಹೆಸರಿಗೆ ಸಂಕೋಚವಿಲ್ಲದೆ ಓಗೊಡುತ್ತಿದ್ದಳು.

ಈ ವ್ರತಕ್ಕೆ ಕಾರಣ ಅವಳ ನಾಲಿಗೆ. ಕಣ್ಣಿಗೆ ಬಿದ್ದ ಕಸವನ್ನು ಅವಳು ನಾಲಿಗೆಯ ತುದಿಯಿಂದ ತೆಗೆಯುತ್ತಿದ್ದಳು. ರಾಶಿಯ ಕಣದಲ್ಲಿ ಜೋಳ ತೂರುವಾಗ ಹಾರುವ ಹೊಟ್ಟಿನ ರವದಿ, ದಾರಿಯ ಧೂಳು, ಒಲೆಯ ಬೂದಿ, ಏನೇ ಬೀಳಲಿ, ಕಣ್ಣುಜ್ಜಿಕೊಳ್ಳುತ್ತ ಬಂದವರು ಅವಳ ಮನೆಯ ಕಟ್ಟೆಯಿಂದ ಕಣ್ಣರಳಿಸಿಕೊಂಡು ಹೋಗುತ್ತಿದ್ದರು. ವಿದ್ಯೆ ಬಂದದ್ದು ಸೋದರತ್ತೆಯಿಂದ. ಕೊಡುವಾಗ ಆ ಮುದುಕಿ ಒಂದು ಕರಾರು ಹಾಕಿದ್ದಳಂತೆ: ಮಂದಿಯ ಕಣ್ಣಿಗೆ ಹೋಗುವ ನಾಲಿಗೆಗೆ ಖಾರ, ತಂಬಾಕು, ಎಲೆಅಡಿಕೆ ಯಾವುದೂ ತಾಗಕೂಡದು. ಹರೆಯದ ಸೊಸೆಯಾಗಿ ಬಂದ ಸಾಯಬಮ್ಮ ಆ ಮಾತಿಗೆ ಹೂಂ ಎಂದಳು. ಒಮ್ಮೆ ಹೂಂ ಎಂದದ್ದನ್ನು ಮತ್ತೆ ಅಲ್ಲ ಎನ್ನುವ ಸ್ವಭಾವ ಅವಳದಲ್ಲ.

ಹೂಂ ಎಂಬ ಶಬ್ದದ ಮೇಲೆ ಅವಳಿಗೆ ಬೇರೆಯೇ ಒಂದು ಅಭಿಮಾನವಿತ್ತು. ಬಂದವರನ್ನು ಮೂಡಲಿಗೆ ಮುಖಮಾಡಿ ಕೂಡಿಸಿ, ತಾನು ಬೇವಿನಕಡ್ಡಿಯಿಂದ ಬಾಯಿ ಉಜ್ಜಿ ಮುಕ್ಕಳಿಸಿ ಬಂದು, ಅವರ ತಲೆಯನ್ನು ತೊಡೆಗೆ ಆನಿಸಿಕೊಂಡು, ಹೆಬ್ಬೆರಳಿನಿಂದ ರೆಪ್ಪೆ ಎತ್ತುತ್ತ "ಹೂಂ ಅನ್ನು" ಎನ್ನುತ್ತಿದ್ದಳು. ಹೂಂ ಎನ್ನುವವನ ಗಮನ ಗಂಟಲಿಗೆ ಹೋಗುತ್ತದೆ, ಕಣ್ಣು ಸಡಿಲಾಗುತ್ತದೆ ಎಂಬುದು ಅವಳ ಸಿದ್ಧಾಂತ. ಹೂಂಕಾರ ಮುಗಿಯುವುದರೊಳಗೆ ಕೆಲಸ ಮುಗಿದಿರುತ್ತಿತ್ತು. ಗುರುಮಠಕಲ್ ಕಡೆಯ ಬಸ್ಸಿನ ಡ್ರೈವರನೊಬ್ಬ, ತೆಲುಗು ಬಿಟ್ಟರೆ ಬೇರೆ ಬಾರದವನು, ತುಂಬಿದ ಬಸ್ಸನ್ನು ಹಾದಿಯಲ್ಲಿ ನಿಲ್ಲಿಸಿ ಅವಳ ತೊಡೆಗೆ ತಲೆಕೊಟ್ಟು ಕೂತದ್ದುಂಟು. ಹೂಂ ಎನ್ನಲು ಯಾವ ಭಾಷೆಯೂ ಬೇಕಾಗಲಿಲ್ಲ. ಶಾಲೆಯ ಬಸವಂತ್ರಾಯ ಮಾಸ್ತರರಂತೂ ಆರೋಗ್ಯದ ಪಾಠದಲ್ಲಿ ಈ ಪದ್ಧತಿಯನ್ನು ಹೊಲಸೆಂದು ಬೈದು, ಅದೇ ವಾರ ಕಣದ ಗಾಳಿಗೆ ಸಿಕ್ಕಿ, ಹಿತ್ತಿಲ ಬಾಗಿಲಿನಿಂದ ಬಂದು ಹೂಂ ಎಂದಿದ್ದರು. ಸಾಯಬಮ್ಮ ಅದನ್ನು ಯಾರಿಗೂ ಹೇಳಲಿಲ್ಲ. ಹೇಳಿದವರು ಮಾಸ್ತರರ ಮನೆಯವರೇ.

ತೆಗೆದ ಕಸವನ್ನು ಉಗುಳಿ ಬಿಸಾಡುವ ಪರಿಪಾಠ ಅವಳದಲ್ಲ. ನಾಲಿಗೆಯ ತುದಿಯಿಂದ ಬೆರಳಿಗೆ ತಂದು, ಬಂದವರ ಎಡಗೈಯ ಹಿಂಬದಿಗೆ ಅಂಟಿಸಿ, "ಇದೇ ನೋಡು ನಿನ್ನ ಕಸ" ಎಂದು ತೋರಿಸಿದ ಮೇಲೆಯೇ ಅವಳ ಕೆಲಸ ಪೂರೈಸಿದಂತೆ. ಕಣ್ಣಿನ ನೋವು ಅರ್ಧ ಹೋಗುವುದು ಕಸ ಹೊರಬಿದ್ದಾಗ, ಉಳಿದರ್ಧ ಹೋಗುವುದು ಅದನ್ನು ಕಂಡಾಗ ಎನ್ನುತ್ತಿದ್ದಳು. ಇಷ್ಟು ದೊಡ್ಡ ನೋವಿಗೆ ಇಷ್ಟು ಸಣ್ಣ ಚೂರೇ ಎಂದು ಜನ ತಮ್ಮ ಕೈಯನ್ನು ತಾವೇ ನೋಡಿಕೊಂಡು ನಾಚುತ್ತಿದ್ದರು. ಆ ನಾಚಿಕೆಯನ್ನು ನೋಡುವುದೇ ಅವಳಿಗೆ ಸಂದಾಯ. ಬೇರೆ ಏನನ್ನೂ ಅವಳು ಮುಟ್ಟುತ್ತಿರಲಿಲ್ಲ, ಬೆಲ್ಲದ ಒಂದು ಚೂರನ್ನು ಬಿಟ್ಟು.

ನಡೆಯುವಾಗ ಸೆರಗನ್ನು ಮೂಗಿನ ಕೆಳಗೆ ಎಳೆದು ಬಾಯಿ ಮುಚ್ಚಿಕೊಂಡು, ಗಾಳಿಗೆ ಹೆಗಲು ಕೊಟ್ಟು, ಸ್ವಲ್ಪ ಓರೆಯಾಗಿ ನಡೆಯುತ್ತಿದ್ದಳು. ಎದುರಿಗೆ ಬಂದವರ ಮುಖ ನೋಡುತ್ತಿರಲಿಲ್ಲ, ಕಣ್ಣು ನೋಡುತ್ತಿದ್ದಳು. ಸುರಪುರದ ಸಂತೆಯಲ್ಲಿ ಅಪರಿಚಿತನೊಬ್ಬನನ್ನು ತಡೆದು "ನಿನ್ನ ಬಲಗಣ್ಣಾಗಿಂದ ನಾ ರವದಿ ತಗದೀನಲ್ಲ, ಆರಾಮ ಅದಯೇನು?" ಎಂದು ಕೇಳಿ, ಆ ಮನುಷ್ಯ ಗಾಬರಿಯಿಂದ ಕಣ್ಣು ಮುಟ್ಟಿಕೊಂಡದ್ದನ್ನು ಕಂಡವರಿದ್ದಾರೆ. ಹೆಸರು, ಊರು, ಮುಖ ಎಲ್ಲ ಮರೆತಿದ್ದಳು, ಕಣ್ಣು ನೆನಪಿತ್ತು.

ಹೀಗಿದ್ದ ಸಾಯಬಮ್ಮನ ಬಾಳಿಗೆ ಗೊಂದಲ ಹೊಕ್ಕಿದ್ದು ಕಾಲುವೆಯ ನೀರಿನ ಜೊತೆಗೆ. ನಾರಾಯಣಪುರದ ಕಡೆಯಿಂದ ನೀರು ಬಂತು, ನೀರಿನ ಹಿಂದೆ ಭತ್ತ ಬಂತು, ಭತ್ತ ಬೆಳೆಯಬಲ್ಲ ಆಂಧ್ರದವರು ಬಂದು ಹೊಲದಂಚಿನಲ್ಲಿ ಕ್ಯಾಂಪು ಹೂಡಿದರು. ಜೋಳ ಬಿತ್ತಿ ಆಕಾಶ ನೋಡುತ್ತಿದ್ದವರು ಮಡಿ ಕಟ್ಟಿ ಕೆಸರಿಗಿಳಿದರು. ಸಾಯಬಮ್ಮನ ಮಗ ಭಾಗಣ್ಣನೂ ಇಳಿದ. ಸೊಸೆ ದೇವಕಮ್ಮ ಕ್ಯಾಂಪಿನ ಹೆಂಗಸರ ಜೊತೆಗೆ ಸೇರಿ ನಾಟಿ ಹಚ್ಚುವುದನ್ನು ಊರಿನ ಯಾರಿಗಿಂತಲೂ ಬೇಗ ಕಲಿತಳು. ಅತ್ತೆ ಮಾತ್ರ ಅನ್ನವನ್ನು ಹಬ್ಬದ ಊಟವೆಂದು ತಿಳಿದು, ದಿನವೂ ತನ್ನ ರೊಟ್ಟಿಯ ಜೋಳವನ್ನು ತಾನೇ ಕೇರಿ ಬೀಸಿಕೊಳ್ಳುತ್ತಿದ್ದಳು.

ಭತ್ತದ ಕೊಯ್ಲು ಶುರುವಾದ ವರ್ಷದಿಂದ ಅವಳ ಕಟ್ಟೆಗೆ ಹೊಸ ಬಗೆಯ ಕಣ್ಣುಗಳು ಬರತೊಡಗಿದವು. ಕೆಂಪಗಿರುತ್ತಿದ್ದವು, ನೀರು ಸುರಿಸುತ್ತಿದ್ದವು, ಬೆಳಕಿಗೆ ಮುಚ್ಚಿಕೊಳ್ಳುತ್ತಿದ್ದವು. ಒಳಗೆ ಏನೋ ಚುಚ್ಚುತ್ತಿದೆ ಎಂದು ಬಂದವರೆಲ್ಲ ಆಣೆ ಮಾಡಿ ಹೇಳುತ್ತಿದ್ದರು. ಆದರೆ ನಾಲಿಗೆಗೆ ಏನೂ ಸಿಗುತ್ತಿರಲಿಲ್ಲ. ಮೇಲಿನ ರೆಪ್ಪೆ ಹುಡುಕಿದಳು, ಕೆಳಗಿನ ರೆಪ್ಪೆ ಹುಡುಕಿದಳು. ಕೈಯ ಮೇಲೆ ಇಡಲು ಒಂದು ಚೂರೂ ಇಲ್ಲ. ಹಲವರಿಗೆ ಹೇಗೋ ತಾನಾಗಿಯೇ ವಾಸಿಯಾಯಿತು, ಅವರು ಎಂದಿನಂತೆ ಬೆಲ್ಲ ತಂದರು. ವಾಸಿಯಾಗದವರು ಮರಳಿ ಬರಲಿಲ್ಲ. ಯಾದಗಿರಿಗೋ ಕಲಬುರ್ಗಿಗೋ ಹೋದರೆಂದು ಸುದ್ದಿ ಬರುತ್ತಿತ್ತು. ಬೆಲ್ಲ ತಿನ್ನುವಾಗ ಮೊದಲಿನ ರುಚಿ ಇಲ್ಲವೆಂದು ಅವಳಿಗೆ ಅನ್ನಿಸತೊಡಗಿತು. ನಾಲಿಗೆಯೇ ಕೆಟ್ಟಿರಬೇಕೆಂಬ ಸಂಶಯಕ್ಕೆ ಅದೇ ಮೊದಲ ಆಧಾರವಾಯಿತು.

ಸಂಶಯಕ್ಕೆ ಕಾಲೂರಲು ಒಂದು ಜಾಗ ಬೇಕಲ್ಲ, ಅದು ಅಡುಗೆಮನೆಯಲ್ಲಿ ಸಿಕ್ಕಿತು. ದೇವಕಮ್ಮ ಖಾರದ ಸಾರಿಗೆ ಹಾಕಿದ ಸೌಟನ್ನೇ ತೊಳೆಯದೆ ತನ್ನ ಬೇಳೆಗೂ ಹಾಕುತ್ತಿರಬೇಕು, ತನಗರಿವಿಲ್ಲದೆ ಖಾರ ಒಳಗೆ ಹೋಗಿ ನಾಲಿಗೆಯ ಚುರುಕು ಸತ್ತಿರಬೇಕು ಎಂದು ಸಾಯಬಮ್ಮ ತರ್ಕಿಸಿದಳು. ತರ್ಕ ಕೇಳುವವರಿಗೆ ನಗೆ ತರಿಸುವಂತಿದ್ದರೂ ಅವಳಿಗೆ ಅದು ಜೀವನ್ಮರಣದ ಪ್ರಶ್ನೆ. ತನಗೆಂದು ಬೇರೆ ಗಡಿಗೆ, ಬೇರೆ ಸೌಟು ತರಿಸಿ ಮೂಲೆಯಲ್ಲಿ ಇನ್ನೊಂದು ಒಲೆ ಹೂಡಿದಳು. ದೇವಕಮ್ಮ ಜಗಳಕ್ಕೆ ನಿಲ್ಲುವ ಹೆಣ್ಣಲ್ಲ.

"ನಾ ಸೌಟು ತೊಳದೇ ಹಾಕ್ತೀನ್ರಿ ಅತ್ತಿ" ಎಂದಳು.

"ಇರಬಹುದವ್ವ. ನನ್ನ ನಾಲಿಗಿ ಬ್ಯಾರೆ ಹೇಳ್ತದ."

ಅಂದಿನಿಂದ ಒಂದೇ ಮನೆಯಲ್ಲಿ ಎರಡು ಹೊಗೆ ಏಳತೊಡಗಿದವು. ಊರಿಗೆ ಕಾರಣ ತಿಳಿಯದೆ ಇರಲಿಲ್ಲ. ಅತ್ತೆಯ ನಾಲಿಗೆ ಕೆಡಿಸಿದ ಸೊಸೆ ಎಂದು ಹೊಲದಲ್ಲಿ ಹೆಂಗಸರು ದೇವಕಮ್ಮನನ್ನು ಚುಡಾಯಿಸಿದರು. ಅವಳು ನಕ್ಕಳು, ಆದರೆ ಆ ನಗೆ ಅವಳಿಗೆ ನೋಯುತ್ತಿತ್ತು.

ಹೀಗಿರುವಾಗ ಒಂದು ಕೊಯ್ಲಿನ ಮುಂಜಾನೆ ಭಾಗಣ್ಣನ ಹೊಲದಲ್ಲಿಯೇ, ಬಗ್ಗಿ ಕುಡುಗೋಲು ಹಾಕುತ್ತಿದ್ದ ದೇವಕಮ್ಮನ ಬಲಗಣ್ಣಿಗೆ ಭತ್ತದ ಒಣಗರಿಯ ತುದಿ ತಾಗಿತು. ಅವಳು ಕುಡುಗೋಲು ಬಿಟ್ಟು ಕುಕ್ಕರಿಸಿದಳು. ಸಾಯಬಮ್ಮ ಬುತ್ತಿ ತಂದು ಬದುವಿನ ಮೇಲೆ ಕೂತಿದ್ದಳು. ಹೆಂಗಸರೆಲ್ಲ ಕೊಯ್ಲು ನಿಲ್ಲಿಸಿ ಸುತ್ತುಗಟ್ಟಿದರು. ಅತ್ತೆಯ ನಾಲಿಗೆ ಕೆಟ್ಟಿದೆಯೋ ಇಲ್ಲವೋ ಎಂಬುದು ಈಗ ಸೊಸೆಯ ಕಣ್ಣಿನಲ್ಲಿಯೇ ತೀರ್ಮಾನವಾಗುವಂತಿತ್ತು, ಮತ್ತು ಅದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

"ಹೂಂ ಅನ್ನು" ಎಂದಳು ಸಾಯಬಮ್ಮ.

ದೇವಕಮ್ಮ ಹೂಂ ಎಂದಳು. ಏನೂ ಸಿಗಲಿಲ್ಲ. ಸಾಯಬಮ್ಮ ಬಾಯಿ ಮುಕ್ಕಳಿಸಿ ಮತ್ತೆ ನೋಡಿದಳು. ಚುಚ್ಚುತ್ತಿದೆಯೇ ಎಂದರೆ ಚುಚ್ಚುತ್ತಿದೆ ಎನ್ನುತ್ತಾಳೆ. ಎಲ್ಲಿ ಎಂದರೆ ಇಲ್ಲೇ, ಕರಿಗುಡ್ಡೆಯ ಮೇಲೆಯೇ ಎನ್ನುತ್ತಾಳೆ. ಅಷ್ಟು ವರ್ಷ ರೆಪ್ಪೆಯ ಒಳಗನ್ನಷ್ಟೇ ಸವರುತ್ತಿದ್ದ ನಾಲಿಗೆ ಅಂದು ಗುಡ್ಡೆಯ ಮೇಲೆಯೇ ಆಡಿತು, ಒಮ್ಮೆಯಲ್ಲ, ಹಲವು ಸಲ. ದೇವಕಮ್ಮನ ಹೂಂಕಾರ ನರಳಿಕೆಯಾಯಿತು. ಸುತ್ತ ನಿಂತವರಲ್ಲಿ ಯಾರೋ ಕೆಮ್ಮಿದರು. ಸಾಯಬಮ್ಮ ಸೋತು, ಸೆರಗಿನಿಂದ ಬಾಯಿ ಒರೆಸಿಕೊಂಡಳು. ಬೆಳಿಗ್ಗೆ ಜೋಳ ಕೇರಿ ಬಂದ ಸೆರಗು ಅದು. ಅದರ ಮಡಿಕೆಯಲ್ಲಿ ಒಂದು ರವದಿ ಅಂಟಿಕೊಂಡಿತ್ತು. ಬೆರಳು ಅದನ್ನು ಎತ್ತಿಕೊಂಡಿತು. ಮನಸ್ಸು ಬೇಡವೆನ್ನುವುದರೊಳಗೆ ಅದು ದೇವಕಮ್ಮನ ಎಡಗೈಯ ಮೇಲೆ ಕೂತಿತ್ತು.

"ಇದೇ ನೋಡು ನಿನ್ನ ಕಸ."

ದೇವಕಮ್ಮ ಒಂದೇ ಕಣ್ಣಿನಿಂದ ಕೈ ನೋಡಿಕೊಂಡಳು. ಸ್ವಲ್ಪ ಹೊತ್ತು ನೋಡಿದಳು. ಆಮೇಲೆ "ಹೊಂಟ್ತು ಬಿಡ್ರಿ ಅತ್ತಿ" ಎಂದು ಸೆರಗು ಬಿಗಿದು ಮತ್ತೆ ಕುಡುಗೋಲು ಹಿಡಿದಳು. ಹೆಂಗಸರು ನಿಟ್ಟುಸಿರಿಟ್ಟು ಚದುರಿದರು. ಸಾಯಬಮ್ಮನ ಜೀವಮಾನದಲ್ಲಿ ಅದೊಂದೇ ಸುಳ್ಳು ಕಸ.

ಕಸ ಹೊರಬಿದ್ದ ಮೇಲೆ ನೋವು ಇಳಿಯಲೇಬೇಕೆಂದು ಮನೆಮಂದಿ ನಂಬಿಕೊಂಡಿತು. ಅದು ಇಳಿಯಲಿಲ್ಲ. ಮರುದಿನ ಕಣ್ಣು ಕೆಂಡವಾಯಿತು. ಬಾಣಂತಿಯೊಬ್ಬಳ ಎದೆಹಾಲು ತಂದು ಬಿಟ್ಟರು. ಆಮೇಲೆ ಭಾಗಣ್ಣ ಓಣಿಯ ಶೇಖಮ್ಮನ ಮನೆಯಿಂದ ಒಂದು ಸೀಸೆ ತಂದ. ಶೇಖಮ್ಮ ಆ ವರ್ಷವೇ ಕಣ್ಣಿನ ಪೊರೆ ತೆಗೆಸಿಕೊಂಡಿದ್ದಳು. ಶಸ್ತ್ರಕ್ರಿಯೆಯ ನಂತರ ಹಾಕಲು ಕೊಟ್ಟ ಹನಿ ಇನ್ನೂ ಅರ್ಧ ಉಳಿದಿತ್ತು. ಕಣ್ಣಿನದೇ ಔಷಧ, ದೊಡ್ಡ ಡಾಕ್ಟರು ಕೊಟ್ಟದ್ದು, ಚೆಲ್ಲುವುದೇಕೆ ಎಂದು ಆಕೆ ಜೋಪಾನವಾಗಿ ಗೂಡಿನಲ್ಲಿಟ್ಟಿದ್ದಳು. ಹಾಕಿದ ದಿನವೇ ಕೆಂಪು ಇಳಿಯಿತು, ದೇವಕಮ್ಮ ನಿದ್ದೆ ಮಾಡಿದಳು, ಸಾಯಬಮ್ಮ ತನ್ನ ಒಲೆಯ ಮುಂದೆ ಕೂತು ದೇವರಿಗೆ ಕೈಮುಗಿದಳು. ವಾರ ಕಳೆಯುವುದರೊಳಗೆ ಕರಿಗುಡ್ಡೆಯ ಮೇಲೆ ಒಂದು ಬಿಳಿಯ ಚುಕ್ಕೆ ಎದ್ದಿತು. ಅಕ್ಕಿಯ ನುಚ್ಚಿನಷ್ಟಿದ್ದದ್ದು ನೋಡುನೋಡುತ್ತ ಬೇಳೆಯಷ್ಟಾಯಿತು. ಆಗ ಭಾಗಣ್ಣ ಹೆಂಡತಿಯನ್ನೂ ತಾಯಿಯನ್ನೂ ಕರೆದುಕೊಂಡು ಭೀಮೆಯ ಸೇತುವೆ ದಾಟಿ ಯಾದಗಿರಿಯ ಬಸ್ಸು ಹಿಡಿದ.

ಕಣ್ಣಿನ ಡಾಕ್ಟರು ಭಗವಂತರಾಯರು ಮಾತು ಕಡಿಮೆಯ, ಸಿಟ್ಟು ಬೇಗ ಬರುವ, ಬಂದ ಸಿಟ್ಟನ್ನು ರೋಗಿಯ ಮೇಲೆ ಬಿಟ್ಟು ರೋಗಿಯ ಜೊತೆಗೆ ಬಂದವರ ಮೇಲೆ ತೀರಿಸಿಕೊಳ್ಳುವ ಮನುಷ್ಯ. ದೇವಕಮ್ಮನ ಗದ್ದವನ್ನು ಯಂತ್ರದ ಮೇಲೆ ಇಡಿಸಿ ಬಹಳ ಹೊತ್ತು ನೋಡಿದರು.

"ಇದರಾಗ ಏನೇನ ಹಾಕೀರಿ, ಒಂದೂ ಬಿಡದಂಗ ಹೇಳ್ರಿ. ಬೈಯಂಗಿಲ್ಲ."

ಭಾಗಣ್ಣ ಹೇಳಿದ. ಶೇಖಮ್ಮನ ಸೀಸೆಯ ಮಾತು ಬಂದಾಗ ಡಾಕ್ಟರು ಕೊಟ್ಟ ಮಾತು ಮರೆತು ಬೈದರು. ಅವರ ಸಿಟ್ಟು ಸ್ವಲ್ಪ ತಣ್ಣಗಾದ ಮೇಲೆ ಸಾಯಬಮ್ಮ ಮುಂದೆ ಬಂದಳು.

"ನಾಲಿಗಿ ಹಾಕೀನ್ರಿ. ನಾನೇ. ಕಸ ಸಿಗಲಿಲ್ಲ, ಸಿಗೂತನ ಹುಡಕೀನಿ."

ಡಾಕ್ಟರು ಅವಳನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತೆಂದು ಆಮೇಲೆ ಎಷ್ಟೋ ದಿನ ಅವಳಿಗೆ ಅನ್ನಿಸಿತು.

"ಕಸ ಇದ್ದಿದ್ದೇ ಇಲ್ಲ ಯವ್ವಾ. ಗೀರು ಬಿದ್ದಿತ್ತು. ಕರಿಗುಡ್ಡಿ ಮ್ಯಾಲ ಕಂದೀಲಿನ ಗಾಜಿನಂಥಾದ್ದು ಒಂದು ಪದರ ಇರ್ತದ. ಅದಕ್ಕ ಗೀರು ಬಿದ್ರೂ ಒಳಗ ಕಸ ಕುಂತಂಗೇ ಚುಚ್ಚತದ. ಆ ಗೀರಿನಾಗ ಬೂಷ್ಟು ಬೆಳದದ. ನೆಲ್ಲಿನ ಹೊಲದಾಗ, ಹಸಿ ಹುಲ್ಲಿನಾಗ, ಮಣ್ಣಿನಾಗ ಎಲ್ಲಾ ಕಡಿ ಇರ್ತದ ಅದು."

ಕಸವೇ ಇರಲಿಲ್ಲ ಎಂಬ ಮಾತು ಸಾಯಬಮ್ಮನ ತಲೆಯೊಳಗೆ ಹೋಗಲು ಹೊತ್ತು ಹಿಡಿಯಿತು. ಹೋದ ಮೇಲೆ ಅಲ್ಲಿಯೇ ನಿಂತುಬಿಟ್ಟಿತು. ಇಲ್ಲದ್ದನ್ನು ಹುಡುಕಿದೆ, ಇಲ್ಲದ್ದನ್ನು ತೋರಿಸಿಯೂ ಬಿಟ್ಟೆ. ಹಾಗಾದರೆ ಆ ವರ್ಷಗಳಲ್ಲಿ ಏನೂ ಸಿಗದೆ ಹೋದ ಕಣ್ಣುಗಳೆಲ್ಲ ಹೀಗೆಯೇ ಇದ್ದವೇ? ಅವರಲ್ಲಿ ಯಾರು ವಾಸಿಯಾದರು, ಯಾರು ಆಗಲಿಲ್ಲ? ಅವಳಿಗೆ ಕಣ್ಣುಗಳ ನೆನಪು ಚೆನ್ನಾಗಿತ್ತು, ಊರುಗಳದು ಇರಲಿಲ್ಲ. ಯಾರನ್ನು ಹೋಗಿ ಕೇಳುವುದು?

"ತೋರಸ್ರಿ ನಂಗ" ಎಂದಳು ಕೊನೆಗೆ. ಅದು ಹಟವಲ್ಲ. ತೋರಿಸಿದ್ದನ್ನಷ್ಟೇ ನಂಬಬೇಕು ಎಂಬುದು ಅವಳು ತಾನೇ ಊರಿಗೆಲ್ಲ ಕಲಿಸಿದ ಪಾಠ. ಡಾಕ್ಟರು ಕಣ್ಣಿಗೆ ಮರಗಟ್ಟುವ ಹನಿ ಹಾಕಿ, ಹುಣ್ಣಿನ ಅಂಚನ್ನು ತೆಳ್ಳಗೆ ಕೆರೆದು ಗಾಜಿನ ಪಟ್ಟಿಗೆ ಒತ್ತಿ, ಸೂಕ್ಷ್ಮದರ್ಶಕದಲ್ಲಿ ತಾವು ನೋಡಿದ ಮೇಲೆ ಅವಳನ್ನೂ ಕರೆದರು. ಬೆಳ್ಳಗಿನ ಬೆಳಕಿನಲ್ಲಿ ಕವಲೊಡೆದ ಎಳೆಗಳು ಒಂದರ ಮೇಲೊಂದು ಬಿದ್ದಿದ್ದವು. ಮಳೆಗಾಲದಲ್ಲಿ ಮರೆತ ರೊಟ್ಟಿಯ ಮೇಲೆ ಹಬ್ಬುವುದೂ ಇದೇ ಎಂದು ಅವಳಿಗೆ ಹೊಳೆಯಿತು.

"ಇದು ಯಾವಾಗ ಒಳಗ ಹೋತ್ರಿ? ಗರಿ ಬಡದಾಗೋ, ನಾ ನಾಲಿಗಿ ಹಾಕಿದಾಗೋ?"

"ಹೇಳಾಕ ಬರಂಗಿಲ್ಲ. ಗರೀನೇ ತಂದಿರಬಹುದು. ನಿನ್ನ ನಾಲಿಗಿ ಗಾಯ ದೊಡ್ಡದು ಮಾಡಿರಬಹುದು. ಆ ಸೀಸಾದ ಹನಿ ಮ್ಯಾಲಿನ ಕೆಂಪು ಇಳಿಸಿ ಒಳಗ ಬೂಷ್ಟಿಗೆ ಗೊಬ್ಬರ ಆಗ್ಯಾದ, ಅಷ್ಟಂತೂ ಖರೇ."

"ನಂದು ಎಷ್ಟು ಪಾಲು, ಅದೊಂದು ಹೇಳ್ರಿ."

"ಅದು ಯಾರಿಗೂ ಗೊತ್ತಾಗಂಗಿಲ್ಲ ಯವ್ವಾ."

ವೈದ್ಯಶಾಸ್ತ್ರದ ಪ್ರಾಮಾಣಿಕತೆ ಅಂದು ಒಬ್ಬ ಹೆಂಗಸನ್ನು ಎಷ್ಟು ನಿರ್ದಯವಾಗಿ ಗೊಂದಲಕ್ಕೆ ತಳ್ಳಿತೆಂಬುದು ಭಗವಂತರಾಯರಿಗೆ ತಿಳಿದಿರಲಾರದು. ನಿನ್ನದೇ ತಪ್ಪು ಎಂದಿದ್ದರೆ ಅಳುತ್ತಿದ್ದಳು. ನಿನ್ನದಲ್ಲ ಎಂದಿದ್ದರೆ ಬದುಕುತ್ತಿದ್ದಳು. ಅವರು ಎರಡನ್ನೂ ಅನ್ನಲಿಲ್ಲ, ಅನ್ನುವಂತಿರಲೂ ಇಲ್ಲ.

ದವಾಖಾನೆಯಲ್ಲಿ ಉಳಿಯಬೇಕಾಯಿತು. ಸುಣ್ಣದ ತಿಳಿಯಂಥ ಬಿಳಿಯ ಹನಿಯೊಂದನ್ನು ಸೀಸೆ ಕುಲುಕಿ ತಾಸುತಾಸಿಗೆ ಹಾಕಬೇಕು, ಹಗಲೆನ್ನದೆ ಇರುಳೆನ್ನದೆ. ಭಾಗಣ್ಣ ಹೊಲ ನೋಡಲು ಊರಿಗೆ ಹೋದ. ಹನಿ ಹಾಕುವ ಕೆಲಸವನ್ನು ಸಾಯಬಮ್ಮ ಕೈ ತೊಳೆದುಕೊಂಡು ತಾನೇ ವಹಿಸಿಕೊಂಡಳು. ಮೊದಲ ಸಲ ಸೊಸೆಯ ತಲೆಯನ್ನು ತೊಡೆಗೆ ಆನಿಸಿಕೊಂಡು ರೆಪ್ಪೆ ಎತ್ತಿದಾಗ, ಅಭ್ಯಾಸಬಲದಿಂದ "ಹೂಂ ಅನ್ನು" ಎಂದುಬಿಟ್ಟಳು. ಎಂದವಳೇ ನಾಲಿಗೆ ಕಚ್ಚಿಕೊಂಡಳು. ಆದರೆ ದೇವಕಮ್ಮ ಹೂಂ ಎಂದಳು, ಕಣ್ಣು ಸಡಿಲಾಯಿತು, ಹನಿ ಬೀಳಬೇಕಾದಲ್ಲಿ ಬಿತ್ತು. ಆಮೇಲೆ ಆ ಕೋಣೆಯಿಂದ ತಾಸಿಗೊಂದು ಹೂಂಕಾರ ಕೇಳುವುದು ನರ್ಸಮ್ಮಗಳಿಗೆ ರೂಢಿಯಾಯಿತು.

ಅಂಥದೊಂದು ಮಧ್ಯಾಹ್ನ, ಹನಿ ಬಿದ್ದ ಕಣ್ಣನ್ನು ಮುಚ್ಚಿಕೊಂಡೇ ದೇವಕಮ್ಮ ಮೆಲ್ಲಗೆ ಅಂದಳು:

"ಅತ್ತಿ, ಅವತ್ತು ನನ್ನ ಕೈಮ್ಯಾಲ ಇಟ್ಟಿದ್ದು ಜ್ವಾಳದ ರವದಿ."

ಸಾಯಬಮ್ಮ ಸೀಸೆಯನ್ನು ಕೆಳಗಿಟ್ಟಳು. ಭತ್ತದ ಹೊಲದಲ್ಲಿ ಜೋಳದ ರವದಿ ಎಲ್ಲಿಂದ ಬರಬೇಕು? ಇಷ್ಟು ಸರಳವಾದದ್ದು ಅಂದು ಅವಳಿಗೇ ಹೊಳೆದಿರಲಿಲ್ಲ.

"ಗೊತ್ತಿದ್ದೂ ಯಾಕ ಸುಮ್ಮನಾದಿ?"

"ಅಷ್ಟು ಮಂದಿ ನಿಂತಿದ್ರು. ನಿಮ್ಮ ನಾಲಿಗಿ ನಾ ಕೆಡಿಸೀನಿ ಅಂತ ಮೊದ್ಲೇ ಅಂತಿದ್ರು. ಇಲ್ಲ ಅಂದ್ರ ನಿಮ್ಮ ಹೆಸರು ಹೋಗ್ತಿತ್ತು. ಹೂಂ ಅಂದ್ರ ಇಬ್ಬರೂ ಉಳೀತೀವಿ ಅಂದ್ಕೊಂಡೆ."

ಅದು ಕ್ಷಮೆಯೋ ಆರೋಪವೋ ಸಾಯಬಮ್ಮನಿಗೆ ಬಗೆಹರಿಯಲಿಲ್ಲ. ದೇವಕಮ್ಮ ಅದನ್ನು ಸಿಟ್ಟಿನಿಂದಲೂ ಹೇಳಲಿಲ್ಲ, ಕರುಣೆಯಿಂದಲೂ ಹೇಳಲಿಲ್ಲ; ಆದದ್ದನ್ನು ಹೇಳಿದಳು. ತನ್ನ ಹೆಸರು ಉಳಿಸಲು ಸೊಸೆ ಕಣ್ಣನ್ನು ಪಣವಿಟ್ಟಿದ್ದಳು, ಮತ್ತು ಆ ಹೆಸರಾದರೂ ಕಸವೇ ಇಲ್ಲದ ಕಣ್ಣಿನಲ್ಲಿ ಕಸ ಹುಡುಕುವ ಹೆಸರು. ಮುದುಕಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಗೋಡೆಯ ಕಡೆ ತಿರುಗಿ ಬಹಳ ಅತ್ತಳು. ತಾಸು ಮುಗಿದಾಗ ಎದ್ದು ಕೈ ತೊಳೆದು ಬಂದು ಮತ್ತೆ ರೆಪ್ಪೆ ಎತ್ತಿದಳು.

ಬೂಷ್ಟು ಸತ್ತಿತು. ಹುಣ್ಣು ಮಾಯಿತು. ಆದರೆ ಮಾಯ್ದ ಜಾಗದಲ್ಲಿ ಹೂ ಉಳಿಯಿತು. ಕಣ್ಣಿನ ಮೇಲಿನ ಬಿಳಿಕಲೆಗೆ ನಮ್ಮ ಜನ ಹೂ ಎಂಬ ಚೆಂದದ ಹೆಸರಿಟ್ಟಿದ್ದಾರೆ. ಒದ್ದೆ ಬಟ್ಟೆಯೊಳಗಿಂದ ನೋಡಿದಂತೆ ಕಾಣುತ್ತದೆ ಎಂದಳು ದೇವಕಮ್ಮ. ಮುಂದೆ ಹೈದರಾಬಾದಿನಲ್ಲಿ ಸರದಿ ಹಚ್ಚಿದರೆ, ತೀರಿಕೊಂಡವರು ದಾನ ಕೊಟ್ಟ ಕಣ್ಣಿನ ಆ ಪದರವನ್ನು ತಂದು ಇದರ ಜಾಗದಲ್ಲಿ ಹೊಲಿಯಬಹುದು ಎಂದರು ಡಾಕ್ಟರು. ಸಾಯಬಮ್ಮ ತಟ್ಟನೆ "ನಂದು ತಗೋರಿ, ಇವತ್ತೇ" ಎಂದಳು. ಜೀವ ಇದ್ದವರದು ತೆಗೆಯುವುದಿಲ್ಲ ಯವ್ವಾ ಎಂದು ಅವರು ತಿಳಿಸಿ ಹೇಳಬೇಕಾಯಿತು. ಅವಳಿಗೆ ಅದೂ ಅರ್ಥವಾಗಲಿಲ್ಲ. ಕೊಡುವವಳು ಎದುರಿಗೆ ನಿಂತಿರುವಾಗ ಯಾರೋ ಸಾಯುವುದನ್ನು ಕಾಯುವುದೇಕೆ?

ಊರಿಗೆ ಮರಳಿದ ಮೇಲೂ ಕಣ್ಣುಗಳು ಬರುವುದು ನಿಲ್ಲಲಿಲ್ಲ. ದವಾಖಾನೆಗೆ ಹೋಗಿ ಎಂದಳು. ಸಾಯಬಮ್ಮನಿಗೆ ಸೊಕ್ಕು ಬಂದಿದೆ ಎಂದರು ಕೆಲವರು. ಸೊಸೆಯ ಕಣ್ಣು ಹೋದ ದುಃಖಕ್ಕೆ ಹೀಗೆ ಆಡುತ್ತಾಳೆ, ನಾಲ್ಕು ದಿನ ಬಿಟ್ಟು ಬರೋಣ ಎಂದರು ಉಳಿದವರು. ನಿನ್ನ ನಾಲಿಗೆಯಿಂದಲೇ ಆಯಿತು ಎಂದು ಊರಿನಲ್ಲಿ ಒಬ್ಬರೂ ಅನ್ನಲಿಲ್ಲ. ತಪ್ಪೆಲ್ಲ ಶೇಖಮ್ಮನ ಸೀಸೆಯದು ಎಂದು ಎಲ್ಲರೂ ಸೇರಿ ಇತ್ಯರ್ಥ ಮಾಡಿದ್ದರು. ಆ ಇತ್ಯರ್ಥವನ್ನು ಒಪ್ಪಿಕೊಂಡು ಅವಳು ಮೊದಲಿನಂತೆ ಕಟ್ಟೆಯ ಮೇಲೆ ಕೂರಬಹುದಿತ್ತು.

ಕಾಲುವೆ ಮುಟ್ಟದ ಎತ್ತರದ ಹೊಲಗಳಲ್ಲಿ ಜೋಳದ ರಾಶಿ ನಡೆದಿದ್ದಾಗ ಬೋನಾಳದಿಂದ ಮಲ್ಲಿಕಮ್ಮ ಎಂಬವಳು ಬಂದಳು. ಹಿಂದೆಯೂ ಬಂದು ಹೋದವಳೇ. ಬಂದವಳೇ ಕೇಳದೆ ಕಟ್ಟೆಯ ಮೇಲೆ ಮೂಡಲಿಗೆ ಮುಖಮಾಡಿ ಕೂತು, ಯಾದಗಿರಿ ಗೀದಗಿರಿ ತನಗೆ ಆಗದ ಮಾತು, ತೆಗೆದ ಹೊರತು ಏಳುವುದಿಲ್ಲ ಎಂದಳು. ಸಾಯಬಮ್ಮ ನೋಡುವುದಷ್ಟೇ ಎಂದು ರೆಪ್ಪೆ ಎತ್ತಿದಳು. ಕಸ ಅಲ್ಲಿಯೇ ಇತ್ತು. ಮೇಲಿನ ರೆಪ್ಪೆಯ ಅಂಚಿನಲ್ಲಿ, ಹಳದಿಯ, ಅಪ್ಪಟ ಜೋಳದ ರವದಿ. ಇದು ಅವಳು ಬಲ್ಲ ಕಸ, ಅವಳ ಸೋದರತ್ತೆ ಬಲ್ಲ ಕಸ. ಬಾಯಿಯಲ್ಲಿ ನೀರೂರಿತು. ಒಂದು ಹೂಂಕಾರದ ಕೆಲಸ. ಆಮೇಲೆ ಅದನ್ನು ಮಲ್ಲಿಕಮ್ಮನ ಕೈಯ ಮೇಲಿಟ್ಟರೆ, ಕಳೆದುಹೋದದ್ದೆಲ್ಲ ಮರಳಿ ಬಂದಂತೆ. ಆದರೆ ಆ ರವದಿಯ ಅಡಿಯಲ್ಲಿ ಗೀರು ಬಿದ್ದಿದೆಯೋ ಇಲ್ಲವೋ? ನಾಲಿಗೆಗೆ ಅದು ತಿಳಿಯುವುದಿಲ್ಲ. ಎಂದೂ ತಿಳಿದಿರಲಿಲ್ಲ.

"ಹೂಂ ಅನ್ಲೇನು?" ಎಂದಳು ಮಲ್ಲಿಕಮ್ಮ, ಬಾಯಿ ತಯಾರು ಮಾಡಿಕೊಂಡು.

"ತಡಿ" ಎಂದ ಸಾಯಬಮ್ಮ ಒಳಗಿನ ಕಡೆ ತಿರುಗಿದಳು. "ದೇವಕವ್ವಾ, ಕೆಂಪು ಹಿಂಡಿ ತಗೊಂಡ ಬಾ."

ದೇವಕಮ್ಮ ಹಿಂಡಿಯ ಬಟ್ಟಲು ಹಿಡಿದು ಹೊಸ್ತಿಲಲ್ಲಿ ನಿಂತಳು. ಅರ್ಥವಾಗುವ ಮುಂಚೆಯೇ ಅತ್ತೆ ಬಟ್ಟಲಿಗೆ ಕೈ ಹಾಕಿ ಒಂದು ಹಿಡಿ ತೆಗೆದು ಬಾಯಿಗೆ ಇಟ್ಟುಕೊಂಡಳು. ನಾಲ್ಕು ದಶಕ ಖಾರ ಕಾಣದ ಬಾಯಿ. ಮುಖ ಕೆಂಪೇರಿತು, ಉಸಿರು ಕಟ್ಟಿತು, ಎರಡೂ ಕಣ್ಣುಗಳಿಂದ ನೀರು ಕಾಲುವೆ ಒಡೆದಂತೆ ಹರಿಯಿತು. ಉಗುಳಲಿಲ್ಲ. ಅಗಿದಳು, ನುಂಗಿದಳು, ಮತ್ತೆ ನಾಲಿಗೆಯನ್ನು ಹೊರಚಾಚಿ ಮಲ್ಲಿಕಮ್ಮನಿಗೆ ತೋರಿಸಿದಳು.

"ಇನ್ನ ಹ್ಯಾಂಗ ಹಾಕ್ಲಿ ಹೇಳು."

ದೇವಕಮ್ಮ ಓಡಿ ತಂದ ಬೆಲ್ಲವನ್ನು ಕೈಯಿಂದ ಸರಿಸಿದಳು. ಸಾಬೂನಿನಿಂದ ಕೈ ತೊಳೆದು, ಕಾಸಿ ಆರಿಸಿದ ನೀರು ತರಿಸಿ, ಮಲ್ಲಿಕಮ್ಮನ ತಲೆ ಓರೆ ಮಾಡಿಸಿ, ಡಾಕ್ಟರು ಹೇಳಿಕೊಟ್ಟಂತೆ ಕಣ್ಣಿಗೆ ಧಾರೆ ಬಿಟ್ಟಳು. ಸ್ವಲ್ಪ ಹೊತ್ತಿಗೆ ರವದಿ ನೀರಿನ ಜೊತೆಗೆ ಕೆನ್ನೆಗೆ ಇಳಿದು ನೆಲಕ್ಕೆ ಹೋಯಿತು. ಕೈಯ ಮೇಲೆ ಇಡಲು ಏನೂ ಉಳಿಯಲಿಲ್ಲ. ಇರುಳೊಳಗೆ ಚುಚ್ಚುವುದು ನಿಲ್ಲದಿದ್ದರೆ ನಾಳೆಯೇ ದವಾಖಾನೆಗೆ ಹೋಗಬೇಕು, ಯಾರ ಸೀಸೆಯನ್ನೂ ಮುಟ್ಟಬಾರದು ಎಂದಳು.

"ನೀರಿಗೇ ಹೊಂಡೂದಾದ್ರ ನಿನ್ನತನ ಯಾಕ ಬರಬೇಕಿತ್ತು?" ಎಂದು ಗೊಣಗುತ್ತ ಮಲ್ಲಿಕಮ್ಮ ಎದ್ದು ಹೋದಳು. ಮೂಲೆಯ ಒಲೆಯನ್ನು ಸಾಯಬಮ್ಮ ಅಂದೇ ಒಡೆದಳು. ಆಮೇಲೆ ಆ ಮನೆಯಲ್ಲಿ ಒಂದೇ ಗಡಿಗೆ, ಒಂದೇ ಸೌಟು. ಖಾರ ಅವಳಿಗೆ ಕೊನೆಯವರೆಗೂ ಒಗ್ಗಲಿಲ್ಲ. ಆದರೂ ದಿನವೂ ಮೊದಲ ತುತ್ತಿಗೆ ಹಿಂಡಿ ಹಚ್ಚಿಕೊಳ್ಳುತ್ತಿದ್ದಳು, ನಾಳೆ ಯಾರಾದರೂ ಬಂದು ತೊಡೆಗೆ ತಲೆಯಿಟ್ಟರೆ ಮನಸ್ಸು ಸೋಲಬಾರದೆಂದು. ನನ್ನದು ಎಷ್ಟು ಪಾಲು ಎಂಬ ಪ್ರಶ್ನೆಯನ್ನು ಮತ್ತೆ ಯಾರಿಗೂ ಕೇಳಲಿಲ್ಲ. ಉತ್ತರ ಸಿಕ್ಕಿತೆಂದಲ್ಲ.

ಇಂಥವರು ನಮ್ಮ ಸೀಮೆಯ ಹಳ್ಳಿಹಳ್ಳಿಗಳಲ್ಲಿ ಇದ್ದರು. ಚೇಳಿಗೆ, ಉಳುಕಿಗೆ, ಕಣ್ಣಿನ ಕಸಕ್ಕೆ ಒಬ್ಬೊಬ್ಬರು ಒಂದೊಂದು ವ್ರತ ಹಿಡಿದು ತಮ್ಮ ದೇಹವನ್ನೇ ಊರಿನ ಉಪಕರಣ ಮಾಡಿಕೊಂಡಿದ್ದವರು. ಅವರು ಬಲ್ಲದ್ದು ಎಷ್ಟು, ಬಲ್ಲೆವೆಂದು ತಿಳಿದದ್ದು ಎಷ್ಟು, ಅವರಿಂದ ಉಳಿದ ಕಣ್ಣುಗಳೆಷ್ಟು, ಕೆಟ್ಟವೆಷ್ಟು, ಇನ್ನು ಯಾರೂ ಹೇಳಲಾರರು. ವಾಸಿಯಾದವರು ಕೈಯ ಮೇಲಿನ ಕಸವನ್ನು ಊದಿ ಹಾರಿಸಿ ಮರೆತಿದ್ದಾರೆ. ಸಂಶಯ ಬಂದಾಗ ಅದರ ಲಾಭವನ್ನು ತನ್ನ ಕಡೆಗೆ ವಾಲಿಸಿಕೊಂಡು ನಿಶ್ಚಿಂತೆಯಿಂದ ಬದುಕುವುದು ಓದಿದವರಿಗೂ ಓದದವರಿಗೂ ಸಮಾನವಾಗಿ ಒದಗಿದ ಜಾಣತನ. ಅದನ್ನು ಎದುರಿಗೆ ಕೂತವನ ಕಣ್ಣಿನ ಕಡೆಗೆ ವಾಲಿಸಿ, ತನಗೆ ಬರುವ ಒಂದೇ ವಿದ್ಯೆಯನ್ನು ತಾನೇ ಸುಟ್ಟುಕೊಂಡು, ಸುಟ್ಟ ಬಾಯಿಯಿಂದಲೇ ಉಳಿದ ದಿನಗಳ ರೊಟ್ಟಿ ತಿನ್ನುವುದು ಎಲ್ಲರಿಂದ ಆಗುವ ಕೆಲಸವಲ್ಲ.